ಮೂರು ಮೊಳದ ಅಲ್ಮಾರಿ

ನಿನ್ನೆ ಬೆಳಿಗ್ಗೆ ಜೇವರ್ಗಿ ಕಾಲೋನಿಯ ನಮ್ಮ ಮನೆಗೆ ಬಡಿಗೇರ ಬಂದಿದ್ದ. ಸೊಸೆಯ ತವರಿನವರು ಕಳಿಸಿದ ಹೊಸ ಅಲ್ಮಾರಿ ಕೋಣೆಯ ಎರಡು ಗೋಡೆಗಳ ನಡುವೆ ನಿಂತಿದೆ, ಆದರೆ ಎರಡೂ ಕಡೆ ಅಂಗೈಯಗಲ ಸಂದು ಉಳಿದಿದೆ. ಬಡಿಗೇರ ಟೇಪು ಹಿಡಿದು ಅಳೆದು, “ಅಮ್ಮಾರ, ಇಲ್ಲಿ ಪ್ಲೈವುಡ್ ಪಟ್ಟಿ ಬಡದು ಮುಚ್ಚಿಬಿಡ್ತೀನ್ರಿ. ಒಂದು ತಾಸಿನ ಕೆಲಸ” ಅಂದ. ಸೊಸೆ ಬಾಗಿಲ ಬಳಿ ನಿಂತು ಉಗುರು ಕಚ್ಚುತ್ತಿದ್ದಳು. ಈ ವಾರ ಅವಳ ಅಪ್ಪ ಬರುವವರಿದ್ದಾರೆ. ಅವಳನ್ನು ನೋಡಿ ನನಗೆ ನಗು ಬಂತು, ಸ್ವಲ್ಪ ಸಂಕಟವೂ ಆಯಿತು. ನಿಜಾಮರ ಕಾಲದಲ್ಲಿ, ಕಲಬುರ್ಗಿ ಕೋಟೆಯ ಹತ್ತಿರದ ಓಣಿಯ ಮನೆಯೊಂದರಲ್ಲಿ, ಇಷ್ಟೇ ಅಗಲದ ಸಂದಿನ ಮುಂದೆ ನಾನೂ ಹೀಗೆ ನಿಂತಿದ್ದೆ.

ಮೊದಲು ನನ್ನ ಅಪ್ಪನ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಿಮಗೆ ತಪ್ಪು ಯಾರದೆಂದು ತಿಳಿಯುವುದಿಲ್ಲ. ಕಮಲಾಪುರದಲ್ಲಿ ನಮ್ಮದು ಕೆಂಪು ಬಾಳೆಯ ತೋಟ. ಅಪ್ಪ ಆರಡಿ ಆಳು, ಕೈಗಳಂತೂ ಇನ್ನೂ ಉದ್ದ. ಬಾವಿಯ ಹಗ್ಗವಿರಲಿ, ಧೋತರವಿರಲಿ, ಯಾವುದನ್ನೂ ಅವನು ಕೋಲು ಹಿಡಿದು ಅಳೆದವನಲ್ಲ. ಮೊಳಕೈ ಊರಿ “ಒಂದು, ಎರಡು” ಎಂದು ಎಣಿಸಿದರೆ ಮುಗಿಯಿತು. ಕಲಬುರ್ಗಿಯಲ್ಲಿ ಯಾರೋ ಸರ್ಕಾರಿ ಸಾಹೇಬರ ಮನೆಯಲ್ಲಿ ಎರಡು ಬಾಗಿಲಿನ ಅಲ್ಮಾರಿ ನೋಡಿ ಬಂದಿದ್ದ. ಅಂದಿನಿಂದ ಮಗಳಿಗೂ ಅಂಥದ್ದೇ ಕೊಡಬೇಕೆಂಬ ಹುಚ್ಚು. ನನ್ನ ನಿಶ್ಚಯಕ್ಕೆ ಬೀಗರ ಮನೆಗೆ ಹೋದಾಗ, ಊಟವಾದ ಮೇಲೆ ಪಡಸಾಲೆಯ ಕೊನೆಯಲ್ಲಿ ಎರಡು ಗೋಡೆಗಳ ನಡುವಿನ ಜಾಗಕ್ಕೆ ಮೊಳಕೈ ಊರಿ ಅಳೆದ. ಸರಿಯಾಗಿ ಮೂರು ಮೊಳ.

ಊರಿಗೆ ಬಂದು ಬಡಿಗೇರ ಮಾನಪ್ಪನಿಗೆ “ಮೂರು ಮೊಳ” ಅಂದ. ಅಲ್ಲಿಯವರೆಗೆ ಬಂಡಿ, ಕೂರಿಗೆ ಬಿಟ್ಟು ಬೇರೇನೂ ಮಾಡದ ಮಾನಪ್ಪ ತಿಂಗಳುಗಟ್ಟಲೆ ಕೂತು ಸಾಗವಾನಿಯಲ್ಲಿ ಅಲ್ಮಾರಿ ಮಾಡಿದ. ಬಲು ಚೆಂದ ಮಾಡಿದ. ಮೂರು ಮೊಳವೇ ಮಾಡಿದ, ಆದರೆ ತನ್ನ ಮೊಳದಲ್ಲಿ. ಮಾನಪ್ಪ ನನ್ನ ಅಪ್ಪನ ಎದೆಮಟ್ಟಕ್ಕೆ ಬರುತ್ತಿದ್ದ ಮನುಷ್ಯ.

ಮದುವೆಯಾಗಿ ತಿಂಗಳಾದ ಮೇಲೆ ಅಲ್ಮಾರಿ ಬಂಡಿಯಲ್ಲಿ ಬಂತು. ನಾಲ್ಕು ಜನ ಹೊತ್ತು ತಂದು ಜಾಗದಲ್ಲಿ ನಿಲ್ಲಿಸಿ ಈಚೆ ಸರಿದರೆ, ಎಡಕ್ಕೊಂದು ಸಂದು, ಬಲಕ್ಕೊಂದು ಸಂದು. ಅತ್ತೆ ಸೊಂಟದ ಮೇಲೆ ಕೈಯಿಟ್ಟು ನೋಡಿದರು. “ಏನ್ ಅಳತಿ ತಗೊಂಡಾರವ್ವ ನಿಮ್ಮಪ್ಪ? ಇದರಾಗ ಚೇಳು ಸಂಸಾರ ಹೂಡ್ತಾವ” ಅಂದರು. ಚೇಳು ಬರಲಿಲ್ಲ. ಮಿಕ್ಕಿದ್ದೆಲ್ಲ ಹೋಯಿತು. ನಿಂಬೆಹಣ್ಣು, ಸೌಟು, ಮಾವನವರ ಅಡಕೊತ್ತು, ಎಲ್ಲ ಆ ಸಂದಿಗೇ ಉರುಳಿ ಬೀಳುತ್ತಿದ್ದವು. ಪ್ರತಿ ಸಲವೂ ಅತ್ತೆ ಕಸಬರಿಗೆಯ ತುದಿಯಿಂದ ಎಳೆಯುತ್ತ “ಕಮಲಾಪುರದ ಅಳತಿ” ಅನ್ನುತ್ತಿದ್ದರು.

ನನಗೆ ಆಗ ಹದಿನಾರು. ಅತ್ತೆಯ ಮಾತು ನುಂಗಬಹುದಿತ್ತು. ಪಂಚಮಿಗೆ ನನ್ನನ್ನು ಕರೆದೊಯ್ಯಲು ಅಪ್ಪ ಬರುತ್ತಾನಲ್ಲ, ಅದೇ ಚಿಂತೆ. ಅಲ್ಮಾರಿ ಗೋಡೆಯಲ್ಲೇ ಹುಟ್ಟಿದ ಹಾಗೆ ಕೂತಿರುತ್ತದೆಂದು ಅವನು ಊರಿಡೀ ಹೇಳಿಕೊಂಡು ಬಂದಿದ್ದ. ಇಲ್ಲಿ ಬಂದು ಬೀಗರೆದುರು ಆ ಸಂದು ನೋಡಿದರೆ ಅವನ ಮುಖ ಏನಾಗಬೇಡ? ಅದರ ಮೇಲೆ ಅತ್ತೆ “ಕಮಲಾಪುರದ ಅಳತಿ” ಅಂದುಬಿಟ್ಟರೆ?

ಸಂದು ಮುಚ್ಚಲು ಮಾಡದ ಸಾಹಸವಿಲ್ಲ. ಗೋಣಿಚೀಲ ತುರುಕಿದೆ, ಅದರಲ್ಲಿ ಬೆಕ್ಕು ಮರಿ ಹಾಕಿತು. ಹಳೆಯ ಸೀರೆ ಹರಿದು ಎರಡೂ ಕಡೆ ಪರದೆ ಇಳಿಬಿಟ್ಟೆ. ಪಕ್ಕದ ಮನೆಯ ಬೀಬಿ ಹಿಟ್ಟಿನ ಜರಡಿ ಕೇಳಲು ಬಂದವಳು ಅದನ್ನು ನೋಡಿ, “ಕ್ಯಾ ಬಹೂ, ನಿಮ್ ಅಲ್ಮಾರಿನೂ ಪರದಾದಾಗ ಕೂಡ್ತದೇನು?” ಎಂದು ನಕ್ಕಳು. ಅತ್ತೆಯೂ ನಕ್ಕರು. ನಾನು ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ.

ಆ ಅಳುವನ್ನು ಅತ್ತೆ ಕೇಳಿಸಿಕೊಂಡರೋ ಏನೋ, ನನಗೆ ಗೊತ್ತಿಲ್ಲ. ಮರುದಿನ ಮುಂಜಾನೆ ಓಣಿಯ ಬಡಿಗೇರನನ್ನು ಕರೆಸಿದರು. ತಮ್ಮ ಸಂದೂಕಿನ ಮುಚ್ಚಳವನ್ನು ಕೀಲು ಬಿಚ್ಚಿ ಅವನ ಮುಂದಿಟ್ಟು, “ಉದ್ದಕ ಸೀಳು” ಅಂದರು. ಅದು ಅವರು ತವರಿಂದ ತಂದ ಮರದ ಪೆಟ್ಟಿಗೆ. ಮುಚ್ಚಳದ ಮೇಲೆ ಹಸಿರು ಗಿಳಿಯ ಚಿತ್ರ, ಸುತ್ತ ಬಳ್ಳಿ. ಗರಗಸದ ಸದ್ದು ಶುರುವಾದ ಕೂಡಲೇ ಅತ್ತೆ ಅಡುಗೆಮನೆಗೆ ಹೋಗಿ ರೊಟ್ಟಿ ಬಡಿಯತೊಡಗಿದರು. ಅಷ್ಟು ಜೋರಾಗಿ ರೊಟ್ಟಿ ಬಡಿದದ್ದನ್ನು ನಾನು ಕೇಳಿರಲಿಲ್ಲ. ನನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ ಅಂದುಕೊಂಡೆ.

ಸಂಜೆಗೆ ಸಂದು ಮುಚ್ಚಿತು. ಗಿಳಿಯ ತಲೆ ಅಲ್ಮಾರಿಯ ಎಡಕ್ಕೆ, ಬಾಲ ಬಲಕ್ಕೆ.

ಅಪ್ಪ ಬಾಳೆಗೊನೆ ಹೊತ್ತು ಬಂದ. ಕಾಲು ತೊಳೆದು, ನೀರು ಕುಡಿದು, ನೆಟ್ಟಗೆ ಅಲ್ಮಾರಿಯ ಕಡೆ ನಡೆದ. ಈ ಗೋಡೆಯಿಂದ ಆ ಗೋಡೆಯವರೆಗೆ ಮೊಳಕೈ ಊರಿದ. ಮೂರು ಮೊಳ. ಮುಖ ಅರಳಿತು. ಆಮೇಲೆ ಗಿಳಿ ಕಣ್ಣಿಗೆ ಬಿತ್ತು.

“ಬೀಗತೇರ, ಈ ಗಿಳಿ ನಾ ಮಾಡಿಸಿದ್ದಲ್ಲಲ್ರೀ?”

ಅತ್ತೆ ಸೆರಗು ಸರಿಪಡಿಸಿಕೊಂಡು ಬಾಗಿಲ ಮರೆಯಿಂದ ಅಂದರು: “ಅದು ನಮ್ಮ ಮನಿ ಪದ್ಧತಿ ಅದ್ರೀ. ಸೊಸಿ ತಂದ ಸಾಮಾನಕ ಅತ್ತಿ ತನ್ನ ತವರಮನಿ ಕಟಗಿ ಹಚ್ಚಬೇಕ್ರಿ. ಹಚ್ಚಿದ ಮ್ಯಾಲೆ ಅದು ಈ ಮನೀದು ಆಗ್ತದ.”

ಅಂಥ ಪದ್ಧತಿ ಆ ಮನೆಯಲ್ಲಿ ಹಿಂದೆಂದೂ ಇರಲಿಲ್ಲ. ಅಪ್ಪ ತಲೆದೂಗಿ, “ಚಲೋ ಪದ್ಧತಿ ಅದ ಬಿಡ್ರೀ” ಅಂದ. ಊಟಕ್ಕೆ ಕೂತು ಎರಡು ಹೋಳಿಗೆ ಹೆಚ್ಚಾಗಿಯೇ ತಿಂದ.

ಬಂಡಿ ಊರು ದಾಟಿ ಬಹಳ ಹೊತ್ತಾಗಿತ್ತು. ಕಮಲಾಪುರ ಇನ್ನೂ ದೂರವಿತ್ತು. ಎತ್ತಿನ ಕೊರಳ ಗಂಟೆ ಕೇಳುತ್ತ ನಾನು ತೂಕಡಿಸುತ್ತಿದ್ದೆ.

“ನಿಮ್ಮತ್ತಿ ಸಂದೂಕಿಗಿ ಮುಚ್ಚಳ ಇಲ್ಲಲ್ಲವ್ವ” ಅಂದ ಅಪ್ಪ.

ನನ್ನ ತೂಕಡಿಕೆ ಹಾರಿಹೋಯಿತು. ಆಮೇಲೆ ಅವನೇ, “ಮಾನಪ್ಪಗ ಏನೂ ಅನಬ್ಯಾಡ. ಅವನ ಕೈ ಗಿಡ್ಡ, ಪಾಪ” ಅಂದ. ಆದರೂ ಊರು ಮುಟ್ಟಿದ್ದೇ ತಡ, ಕಟ್ಟೆಯ ಮೇಲೆ ಕೂತು ನಮ್ಮ ಬೀಗರ ಮನೆಯ ಪದ್ಧತಿಯನ್ನು ಎಲ್ಲರಿಗೂ ಹೇಳಿದ. ಮುಂದೆ ಅಣ್ಣನ ಮದುವೆಯಾದಾಗ, ಅವ್ವ ತನ್ನ ತವರಿನ ಮಣೆಯೊಂದನ್ನು ಹಿಡಿದುಕೊಂಡು, ಸೊಸೆಯ ಸಾಮಾನಿಗೆ ಹಚ್ಚಲು ಬೇವಿನ ಕಟ್ಟಿಗೆ ನಡೆಯುತ್ತದೋ ಇಲ್ಲವೋ ಎಂದು ನನಗೆ ಹೇಳಿಕಳಿಸಿ ಕೇಳಿದಳು.

ಅತ್ತೆ ಮಾತ್ರ ಈ ವಿಷಯದಲ್ಲಿ ಬಹಳ ಒಣ ಮನುಷ್ಯರು. ಯಾಕೆ ಹಾಗೆ ಹೇಳಿದಿರಿ ಅಂತ ಒಮ್ಮೆ ಕೇಳಿದ್ದಕ್ಕೆ, “ಖರೇ ಹೇಳಿದ್ರ ನಿಮ್ಮಪ್ಪ ಅಲ್ಮಾರಿ ವಾಪಸ್ ಒಯ್ತಿದ್ರು. ಮತ್ತ ಆ ಬಂಡಿ, ಆ ಗದ್ದಲ ಯಾರಿಗಿ ಬೇಕಿತ್ತು?” ಅಂದರು. ಕೊನೆಯವರೆಗೂ ಆ ಸಂದೂಕಿಗೆ ಹಳೆಯ ದುಪ್ಪಟಿಯನ್ನೇ ಹೊದಿಸಿ ತಮ್ಮ ಸೀರೆಗಳನ್ನಿಟ್ಟರು. ನಾವು ಆ ಮನೆ ಬಿಡುವಾಗ ಪಟ್ಟಿಗಳಿಗೆ ಗೆದ್ದಲು ಹಿಡಿದಿತ್ತು. ಗಿಳಿಯ ತಲೆಯ ತುಂಡು ಒಂದೇ ಉಳಿದದ್ದು.

ಆ ತುಂಡು ಈಗಲೂ ಮಾನಪ್ಪನ ಅಲ್ಮಾರಿಯೊಳಗೇ ಇದೆ, ಅಲ್ಮಾರಿ ನಮ್ಮ ಹಿಂದಿನ ಕೋಣೆಯಲ್ಲಿದೆ. ನಿನ್ನೆ ಬಡಿಗೇರನನ್ನು ಅಲ್ಲಿಗೇ ಕರೆದೊಯ್ದೆ. ಪ್ಲೈವುಡ್ಡಿನಿಂದ ಕೆಲಸ ಆಗುತ್ತಿತ್ತು, ಆಗುವುದಿಲ್ಲ ಎಂದು ನಾನು ಹೇಳುವುದಿಲ್ಲ.

“ಇದರ ಒಂದು ಬಾಗಲಾ ತೆಗದು ಪಟ್ಟಿ ಸೀಳು” ಅಂದೆ.

ಅವನು ಬಾಗಿಲ ಮೇಲೆ ಕೈಯಾಡಿಸಿದ. “ಇಂಥಾ ಸಾಗವಾನಿ ಈಗ ಎಲ್ಲಿ ಸಿಗ್ತದ್ರೀ ಅಮ್ಮಾರ? ಸೀಳಬೇಕೇನ್ರೀ?”

“ಯಾಕ್ರೀ ಅತ್ತಿ?” ಸೊಸೆಯೂ ಗಾಬರಿಯಾದಳು.

“ನಮ್ಮ ಮನಿ ಪದ್ಧತಿ ಅದವ್ವ. ನಿಮ್ಮಪ್ಪ ಕೇಳಿದ್ರ ಹಂಗೇ ಹೇಳು.”

ಗರಗಸ ಮರಕ್ಕೆ ಇಳಿಯಿತು. ಸಾಗವಾನಿಯ ವಾಸನೆ ಮನೆತುಂಬ ಹರಡಿತು. ಅಪ್ಪನ ತೋಟದ ಬದಿಯಲ್ಲಿ ಮಾನಪ್ಪ ಕೂತು ಉಜ್ಜುತ್ತಿದ್ದಾಗ ಬರುತ್ತಿದ್ದ ವಾಸನೆ ಅದೇ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಅಡುಗೆಮನೆಗೆ ಹೋಗಿ ಹಿಟ್ಟು ನಾದಿ ರೊಟ್ಟಿ ಬಡಿಯಲು ಕೂತೆ. ಗರಗಸದ ಸದ್ದು ಕಿವಿಗೆ ಬೀಳದ ಹಾಗೆ ಬಡಿದೆ.

ಸ್ವಲ್ಪ ಹೊತ್ತಿಗೆ ಸೊಸೆ ಬಾಗಿಲಲ್ಲಿ ಇಣುಕಿ, ಅಂಜುತ್ತ ಕೇಳಿದಳು:

“ಅತ್ತಿ, ನನ್ನ ಮ್ಯಾಲ ಸಿಟ್ಟಾಗೀರೇನ್ರೀ?”