ಅತ್ತೆಯ ಮುಷ್ಟಿಯಲ್ಲಿದ್ದ ತುತ್ತು

ನಾನು ಝಳಕಿಯವಳು. ಹೆದ್ದಾರಿಯ ಮಗ್ಗುಲಲ್ಲೇ ನಮ್ಮ ತವರುಮನೆ. ಹಗಲೂ ಇರುಳೂ ಮುಂದೆ ಲಾರಿಗಳು ಹಾಯುತ್ತಿದ್ದವು. ಅವುಗಳ ನಡುವೆ ಕೊಡ ಹೊತ್ತು ರಸ್ತೆ ದಾಟಿ ಬೆಳೆದವಳು ನಾನು. ಲಾರಿಗೆ ಅಂಜಲಿಲ್ಲ, ಕತ್ತಲಿಗೆ ಅಂಜಲಿಲ್ಲ, ಹಾವು ಕಂಡರೂ ಬಡಿಗೆ ಹುಡುಕುತ್ತೇನೆ. ಆದರೆ ಆಚೆ ದಂಡೆ ಕಾಣದಂಥ ನೀರು ಕಂಡರೆ ಮಾತ್ರ ನಾನು ಹೆಜ್ಜೆ ಹಿಂದಕ್ಕೆ ಇಡುತ್ತೇನೆ. ಕೊಡದೊಳಗಿನ ನೀರು ಬಿಟ್ಟರೆ ಬೇರೆ ನೀರಿನ ಸಹವಾಸ ನನಗಿರಲಿಲ್ಲ.

ಮದುವೆಯಾಗಿ ಬಸವನ ಬಾಗೇವಾಡಿಗೆ ಬಂದ ಮೇಲೆ ಈ ಗುಟ್ಟು ಅತ್ತೆಗೆ ತಿಳಿಯಲು ಬಹಳ ದಿನ ಹಿಡಿಯಲಿಲ್ಲ. ಅತ್ತೆ ಕೃಷ್ಣೆಯ ದಂಡೆಯ ಊರಿನಲ್ಲಿ ಬಾಳಿದವಳು. ತುಂಬಿದ ಹೊಳೆಗೆ ಇಳಿದು ಎಮ್ಮೆಯ ಮೈ ತೊಳೆದವಳು. ಆಣೆಕಟ್ಟಿನ ಹಿನ್ನೀರಿನಲ್ಲಿ ಆ ಊರು ಮುಳುಗಿತು, ಹೊಲವೂ ಮುಳುಗಿತು. ಆಮೇಲೆಯೇ ಮನೆಮಂದಿಯೆಲ್ಲ ಬಾಗೇವಾಡಿಗೆ ಬಂದು, ಗೊಳಸಂಗಿಯ ಹತ್ತಿರ ಬೇರೆ ಹೊಲ ಹಿಡಿದರು. ಧೈರ್ಯವನ್ನು ಮಾತ್ರ ಆಕೆ ನೀರಿಗೆ ಬಿಟ್ಟು ಬಂದಿರಲಿಲ್ಲ. ನಾನು ಬೆಚ್ಚಿದಾಗಲೆಲ್ಲ ಒಂದೇ ಮಾತು: "ಝಳಕಿ ಮಂದಿಗೆ ಬಚ್ಚಲದಾಗ ನೀರು ನಿಂತ್ರೂ ಹೊಳಿ ಬಂದಂಗ ಅನಸ್ತೈತಿ." ಮನೆಗೆ ಬಂದ ಬೀಗರ ಮುಂದೆಯೂ ಹೀಗೇ ಅಂದು ನಗಿಸುತ್ತಿದ್ದಳು. ನಾನು ಒಳಗೆ ಹೋಗಿ ಪಾತ್ರೆ ಕುಕ್ಕುತ್ತಿದ್ದೆ.

ಹೋದ ವರ್ಷ ಶಿವರಾತ್ರಿ ಮುಗಿದ ಮೇಲೆ, ನಾನು ಹೊಲಿಗೆ ಕಲಿಸುವ ಹೆಣ್ಣುಮಕ್ಕಳೆಲ್ಲ ಸೇರಿ ಒಂದು ದಿನದ ತಿರುಗಾಟ ಗೊತ್ತುಮಾಡಿದರು. ಮುದ್ದೇಬಿಹಾಳದ ಕಡೆಯ ಒಬ್ಬ ಹುಡುಗಿ ಪ್ರಾಣಿಶಾಸ್ತ್ರ ಓದಿ, ಹಿನ್ನೀರಿನ ದಂಡೆಗುಂಟ ಜನರನ್ನು ಕರೆದೊಯ್ದು ಹಕ್ಕಿ, ನೀರುನಾಯಿ, ಮೊಸಳೆ ತೋರಿಸುತ್ತಿದ್ದಳು. ಬೆಳಿಗ್ಗೆ ಹೊರಡುವುದು, ದಾರಿಯುದ್ದಕ್ಕೂ ನೋಡುವುದು, ಹೊತ್ತು ಮುಳುಗುವ ವೇಳೆಗೆ ರಾಜಹಂಸಗಳು ಇಳಿಯುವ ಜಾಗಕ್ಕೆ ಮುಟ್ಟುವುದು. ನನಗೆ ಹೋಗುವ ಮನಸ್ಸು ಕಾಲುಭಾಗವೂ ಇರಲಿಲ್ಲ. ಆದರೆ ಕಲಿಸುವವಳೇ ಹಿಂದೆ ಸರಿದರೆ ಹೇಗೆ? ಅತ್ತೆಯಂತೂ ಯಾರೂ ಕರೆಯುವ ಮೊದಲೇ ತಯಾರಾದಳು. "ನಮ್ಮ ಊರ ಕಡೀಗೆ ಹೊಂಟೀರಿ, ನಾ ಬರಲಾರದ ಹ್ಯಾಂಗ?" ಅಂದಳು. ನನ್ನ ಗಂಡನಿಗೆ ರಜೆ ಸಿಗಲಿಲ್ಲ. ಟೆಂಪೊ ಹತ್ತುವಾಗ ಕಿಟಕಿಯ ಹತ್ತಿರ ಬಂದು, "ಅವ್ವನ ಮ್ಯಾಲ ಕಣ್ಣಿರ್ಲಿ. ಆಕಿ ಸುಮ್ಮ ಕುಂದ್ರಾಕಿ ಅಲ್ಲ," ಎಂದು ಮೆಲ್ಲಗೆ ಹೇಳಿದರು. ಆ ಮಾತು ದಿನವಿಡೀ ನನ್ನ ಕಿವಿಯಲ್ಲೇ ಇತ್ತು.

ಮಧ್ಯಾಹ್ನದ ಹೊತ್ತಿಗೆ ಮೊದಲನೆಯ ಮೊಸಳೆ ಕಂಡಿತು. ದಂಡೆಯ ಮೇಲೆ ಒಣಗಿದ ಕೊರಡು ಬಿದ್ದಿದೆ ಎಂದುಕೊಂಡಿದ್ದೆ. ಹುಡುಗಿ ದುರ್ಬೀನು ನನ್ನ ಕೈಗಿತ್ತಳು. ಕೊರಡು ಬಾಯಿ ತೆರೆದುಕೊಂಡಿತ್ತು. ಅಲ್ಲಿಂದ ಮುಂದೆ ನನಗೆ ಯಾವ ಹಕ್ಕಿಯೂ ಕಾಣಲಿಲ್ಲ. ನೀರಿನ ಅಂಚಿನಲ್ಲಿ ಎಷ್ಟು ಕೊರಡುಗಳಿವೆ ಎಂದಷ್ಟೇ ನೋಡುತ್ತಿದ್ದೆ. ಅತ್ತೆ ನನ್ನ ಮುಖ ನೋಡಿ ಎಲ್ಲರಿಗೂ ಕೇಳುವಂತೆ, "ಅದು ಇಕೀನ್ನ ತಿನ್ನಾಂಗಿಲ್ಲ ಬಿಡ್ರಿ, ಬರೇ ಎಲುವು," ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ಹಲ್ಲು ಕಚ್ಚಿಕೊಂಡು.

ಸಂಜೆ ನಾವು ಮುಟ್ಟಿದ ಜಾಗದಲ್ಲಿ ನೀರು ಬಹಳ ಹಿಂದೆ ಸರಿದಿತ್ತು. ನೀರಿಗೂ ನಮಗೂ ನಡುವೆ ಅಗಲವಾದ ಕಪ್ಪು ಬಯಲು. ನೆಲ ಬಿರಿದು, ಹೆಂಚು ಹಾಸಿದಂತೆ ಕಾಣುತ್ತಿತ್ತು. ಹುಡುಗಿ ದಂಡೆಗುಂಟ ಸುಣ್ಣ ಬಳಿದ ಕಲ್ಲುಗಳ ಸಾಲು ತೋರಿಸಿ ಹೇಳಿದಳು: "ಈ ಕಲ್ಲು ದಾಟಿ ಯಾರೂ ಹೋಗಬ್ಯಾಡ್ರಿ. ಹಕ್ಕಿ ಬೆದರ್ತಾವ. ಮತ್ತ ಈ ಮಣ್ಣಿನ ಮ್ಯಾಲ ಭರೋಸ ಇಡಬ್ಯಾಡ್ರಿ. ಮ್ಯಾಲಷ್ಟ ಒಣಗಿರ್ತೈತಿ."

ನಾವು ಹೂಂ ಅಂದೆವು. ಆದರೆ ಒಳಗೊಳಗೇ ನಗು ಬಂದಿತ್ತು. ಕರಿಮಣ್ಣಿನ ಎರೆಭೂಮಿಯಲ್ಲಿ ಹುಟ್ಟಿದವರು ನಾವು. ಹಸಿ ಎರೆ ಕಾಲು ಹಿಡಿಯುತ್ತದೆ, ಬಿರಿದ ಎರೆ ಎತ್ತಿನ ಗಾಡಿಯನ್ನೂ ಹೊರುತ್ತದೆ. ಇದು ನಮ್ಮಲ್ಲಿ ನಡೆಯಲು ಕಲಿತ ಕೂಸಿಗೂ ಗೊತ್ತು. ಅತ್ತೆ ಅದನ್ನು ಒಳಗೇ ಇಟ್ಟುಕೊಳ್ಳಲಿಲ್ಲ. "ಎರಿ ಮಣ್ಣಿನ ಪಾಠ ನಮಗ ಹೇಳ್ತೀಯೇನ ತಂಗಿ?" ಎಂದು ಆ ಹುಡುಗಿಯ ಬೆನ್ನು ತಟ್ಟಿದಳು. ನನಗೂ ಅತ್ತೆಯ ಮಾತೇ ಸರಿ ಅನಿಸಿತು. ನನ್ನ ಅಂಜಿಕೆಯೆಲ್ಲ ಆಚೆಯ ನೀರಿನ ಮೇಲಿತ್ತು. ನೆಲದ ಬಗ್ಗೆ ಅಂಜಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ.

ಗಟ್ಟಿನೆಲದ ಮೇಲೆ ಕೌದಿ ಹಾಸಿ ಬುತ್ತಿ ಬಿಚ್ಚಿದೆವು. ಕೌದಿ ಎಂದರೆ ಹಳೆ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ನಮ್ಮ ಹಾಸಿಗೆ; ಹೊಲಿಗೆಯವರ ಗುಂಪಿನಲ್ಲಿ ಅದಕ್ಕೇನು ಕೊರತೆ? ಕಟಕ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ, ಗಟ್ಟಿ ಮೊಸರು. ಹೊಲದಲ್ಲಿ ಉಣ್ಣುವಾಗ ಮೊದಲ ತುತ್ತು ಭೂಮಿತಾಯಿಗೆ ಚೆಲ್ಲಿಯೇ ಉಣ್ಣುವುದು ನಮ್ಮ ಕಡೆಯ ಪದ್ಧತಿ. ಎಳ್ಳಮವಾಸ್ಯೆಯ ದಿನ ಅದನ್ನೇ ದೊಡ್ಡದಾಗಿ ಮಾಡಿ, ಹೊಲದ ಸುತ್ತ ಕೂಗುತ್ತಾ ಅಡಿಗೆ ಚೆಲ್ಲುತ್ತೇವೆ; ಚರಗ ಅನ್ನುತ್ತೇವೆ. ಅತ್ತೆ ರೊಟ್ಟಿ ಮುರಿದು, ಪಲ್ಯ ಹಚ್ಚಿ, ಮುಷ್ಟಿಯಲ್ಲಿ ಹಿಡಿದು ಎದ್ದು ನಿಂತಳು. ನೀರಿನ ಕಡೆ ಕೈ ಮಾಡಿ, "ಆ ಬನ್ನಿಗಿಡದ ಮೋಟು ಕಾಣ್ತೈತೇನ? ಅದ ನಮ್ಮ ಹೊಲದ ಮೂಲಿ," ಅಂದಳು. ಆಕೆಯ ದನಿ ಬೇರೆಯಾಗಿತ್ತು. ಸತ್ತು ಕರ್ರಗಾದ ಮೋಟೊಂದು ಬಯಲಿನ ನಡುವೆ ನಿಂತಿದ್ದು ನನಗೂ ಕಂಡಿತು.

ಅಷ್ಟರಲ್ಲಿ ಹುಡುಗಿ, "ಬಂದ್ವು, ಬಂದ್ವು," ಎಂದು ಪಿಸುಗುಟ್ಟಿದಳು. ರಾಜಹಂಸಗಳು ಪಡುವಣದಿಂದ ಸಾಲಾಗಿ ಬಂದವು. ಕತ್ತು ಉದ್ದ, ಕಾಲು ಉದ್ದ, ರೆಕ್ಕೆಯ ಒಳಮಗ್ಗುಲು ಕುಂಕುಮ. ಇಳಿದು, ನೀರಿನಲ್ಲಿ ನಾಲ್ಕು ಹೆಜ್ಜೆ ಓಡಿ, ನಿಂತವು. ನಾನು ಬಾಯಿ ತೆರೆದು ನೋಡಿದೆ. ಆ ಇಡೀ ದಿನದಲ್ಲಿ ನನಗೆ ಭಯ ಮರೆತದ್ದು ಅದೊಂದೇ ಗಳಿಗೆ.

ಒಮ್ಮೆಗೇ ಹಕ್ಕಿಗಳೆಲ್ಲ ಸದ್ದು ಮಾಡುತ್ತಾ ಎದ್ದವು. ದೂರದ ದಂಡೆಯಿಂದ ಒಂದು ಕೊರಡು ಜಾರಿ ನೀರಿಗೆ ಇಳಿಯಿತು. "ಯಾರ್ರಿ ಅಲ್ಲಿ ಹೋದವ್ರು?" ಎಂದು ಹುಡುಗಿ ಕೂಗಿದಳು. ನಾನು ತಿರುಗಿ ಕೌದಿಯ ಕಡೆ ನೋಡಿದೆ. ಅತ್ತೆ ಅಲ್ಲಿರಲಿಲ್ಲ.

ಬಯಲಿನ ನಡುವೆ, ಮೋಟಿಗೆ ಇನ್ನೂ ದೂರದಲ್ಲಿ, ಆಕೆ ನಿಂತಿದ್ದಳು. ನಿಂತಿದ್ದಾಳೆ ಎಂದುಕೊಂಡೆ. ಆದರೆ ಆಳು ಗಿಡ್ಡವಾಗಿ ಕಾಣುತ್ತಿತ್ತು. ಮೊಣಕಾಲಿನವರೆಗೆ ನೆಲವೇ ಆಕೆಯನ್ನು ನುಂಗಿತ್ತು. ಒಂದು ಕಾಲು ಕೀಳಲು ಹೋದಳು. ಇನ್ನೊಂದು ತೊಡೆಯವರೆಗೆ ಇಳಿಯಿತು. ಅತ್ತೆ ಕೂಗುತ್ತಿರಲಿಲ್ಲ. ಯಾವಾಗಲೂ ಓಣಿಗೆಲ್ಲ ಕೇಳುವಂತೆ ಮಾತಾಡುವ ಆಕೆ ಸುಮ್ಮನಿದ್ದದ್ದೇ ನನ್ನನ್ನು ಹೆಚ್ಚು ಹೆದರಿಸಿತು.

ಹುಡುಗಿ ಗಡಬಡಿಸಲಿಲ್ಲ. "ಅಲುಗಾಡಬ್ಯಾಡ್ರಿ ಅಮ್ಮಾ! ಹಂಗ ನಿಲ್ಲ್ರಿ!" ಎಂದು ಕೂಗಿ, ಮೀನು ಹಿಡಿಯುವವರಿಗೆ ಫೋನು ಮಾಡಿದಳು. ಅವರ ದೋಣಿ ಆಚೆ ದಂಡೆಯಲ್ಲಿತ್ತು. ಬರುವಷ್ಟರಲ್ಲಿ ಕತ್ತಲಾಗುತ್ತದೆ ಎಂದು ಆಕೆಯ ಮುಖವೇ ಹೇಳಿತು. ಫೋನು ಇಟ್ಟವಳೇ ಕೌದಿಗಳನ್ನೆಲ್ಲ ಎಳೆದು, ಒಂದರ ಮುಂದೊಂದು ಕೆಸರಿನ ಮೇಲೆ ಹಾಸಿಸತೊಡಗಿದಳು. ನಿಂತರೆ ಹೂತುಹೋಗುತ್ತೇವೆ, ಹೊಟ್ಟೆಯ ಮೇಲೆ ಮಲಗಿ ತೆವಳಿದರೆ ಕೌದಿ ಹೊರುತ್ತದೆ ಎಂದಳು. ಹೆಣ್ಣುಮಕ್ಕಳು ಸೆರಗು, ಓಢಣಿ ಗಂಟುಹಾಕಿ ಹಗ್ಗ ಮಾಡಿದರು. ಹುಡುಗಿ ನನ್ನ ಕಡೆ ತಿರುಗಿದಳು.

"ನೀವ ಹೋಗ್ರಿ ಅಕ್ಕಾರ. ಎಲ್ಲಾರಕಿಂತ ಹಗುರ ಇದ್ದೀರಿ. ನಿಮ್ಮ ಬೆನ್ನಿಂದ ನಾ ಇರ್ತೇನಿ. ನನ್ನ ಮಾತು ಅವ್ರು ಕೇಳಾಂಗಿಲ್ಲ, ನಿಮ್ದು ಕೇಳ್ತಾರ."

ನನ್ನ ಒಂದೇ ಒಂದು ಮಾತನ್ನೂ ಅತ್ತೆ ಇದುವರೆಗೆ ಕೇಳಿದ್ದು ನನಗೆ ನೆನಪಿರಲಿಲ್ಲ. ಅದನ್ನು ಹೇಳುವ ಹೊತ್ತು ಅದಾಗಿರಲಿಲ್ಲ. ನನ್ನ ಸೊಂಟಕ್ಕೆ ಸೀರೆಯ ಹಗ್ಗ ಬಿಗಿದರು. ನಾನು ಮಲಗಿದೆ.

ಕೌದಿಯ ಕೆಳಗೆ ನೆಲ ತೊಟ್ಟಿಲಿನಂತೆ ತೂಗಿತು. ಹುಟ್ಟಿದಾಗಿನಿಂದ ನಂಬಿಕೊಂಡು ನಡೆದ ಎರೆ ಹೀಗೆ ಹೊಟ್ಟೆಯ ಕೆಳಗೆ ಅಲುಗಾಡುವುದು ಎಂಥ ಭಯ ಎಂದು ನಾನು ಹೇಳಲಾರೆ. ಬಿರುಕಿನೊಳಗಿಂದ ಕಪ್ಪು ನೀರು ಉಕ್ಕಿ ಮೊಳಕೈಗೆ ತಾಗಿತು. ಕೊಳೆತ ವಾಸನೆ. ಇಳಿದ ಮೊಸಳೆ ಎಲ್ಲಿದೆಯೋ ಯಾರಿಗೂ ಗೊತ್ತಿರಲಿಲ್ಲ. ನಾನು ಅಳುತ್ತಲೇ ತೆವಳಿದೆ. ನಾಚಿಕೆ ಇಲ್ಲದೆ, ದನಿ ತೆಗೆದು ಅಳುತ್ತಾ.

ಹತ್ತಿರ ಹೋದಾಗ ಕೆಸರು ಅತ್ತೆಯ ಸೊಂಟ ಮುಟ್ಟುತ್ತಿತ್ತು. ತುಟಿ ಬೆಳ್ಳಗಾಗಿದ್ದವು. "ನೀ ಬರಬ್ಯಾಡ. ನೀನೂ ಹೊಕ್ಕಿ. ಹಿಂದಕ್ಕ ಹೋಗ," ಅಂದಳು. ದನಿ ನಡುಗುತ್ತಿತ್ತು. ಅತ್ತೆಯೂ ಅಂಜುತ್ತಾಳೆ ಎಂದು ನನಗೆ ಗೊತ್ತಾದದ್ದು ಆಗಲೇ. ಅದರಿಂದ ಸಮಾಧಾನವೇನೂ ಆಗಲಿಲ್ಲ. ಹಿಡಿದುಕೊಂಡಿದ್ದ ಗೋಡೆಯೇ ಕುಸಿದಂತಾಯಿತು.

ಹಿಂದಿನಿಂದ ಹುಡುಗಿ ಕೂಗಿ ಹೇಳಿಕೊಡುತ್ತಿದ್ದಳು: ಎರಡೂ ಕೈ ಹಿಡಿಯಬೇಕು, ಅವರು ಹಿಂದಕ್ಕೆ ಒರಗಬೇಕು, ಕಾಲು ಒಂದೊಂದಾಗಿ ಸಡಿಲ ಬಿಡಬೇಕು. ಅತ್ತೆ ಎಡಗೈ ಕೊಟ್ಟಳು. ಬಲಗೈ ಮುಷ್ಟಿ ಕಟ್ಟಿಕೊಂಡೇ ಮೇಲಕ್ಕೆ ಎತ್ತಿದ್ದಳು.

"ಅತ್ತೀ, ಮುಷ್ಟಿ ಬಿಡ್ರಿ. ಆ ಕೈನೂ ಕೊಡ್ರಿ."

"ತುತ್ತು ಐತಿ ಇದರಾಗ."

"ಚೆಲ್ಲ್ರಿ!"

"ಇದು ರಾಡಿ. ಹೊಲ ಇನ್ನೂ ಅತ್ತಲಾಗ ಐತಿ. ಭೂಮಿತಾಯಿ ತುತ್ತು ರಾಡಿಗೆ ಚೆಲ್ತಾರೇನ?"

ಸಿಟ್ಟು ನೆತ್ತಿಗೇರಿತು. ಜೀವ ಬಾಯಿಗೆ ಬಂದಿದೆ, ಈಕೆಗೆ ಪದ್ಧತಿ! ಎರಡು ಮಾತು ಬೈಯಬೇಕೆಂದು ತಲೆ ಎತ್ತಿದೆ. ಸೂರ್ಯ ನೀರಿಗೆ ತಾಗಿದ್ದ. ಮೋಟಿನ ನೆರಳು ಬಯಲಿನ ಮೇಲೆ ಉದ್ದಕ್ಕೆ ಬಿದ್ದು, ಅತ್ತೆಯ ಮೈ ದಾಟಿ, ನನ್ನ ಕೌದಿಯವರೆಗೆ ಬಂದಿತ್ತು.

"ಇದ ನಿಮ್ಮ ಹೊಲ್ರಿ!" ಎಂದು ಚೀರಿದೆ. "ಬನ್ನಿಗಿಡದ ನೆಳ್ಳು ನೋಡ್ರಿ. ನೆಳ್ಳು ಬಿದ್ದಷ್ಟೂ ನಿಮ್ಮದ. ಇಲ್ಲೇ ಚೆಲ್ಲ್ರಿ!"

ಅತ್ತೆ ನೆರಳು ನೋಡಿದಳು. ನನ್ನ ಮುಖ ನೋಡಿದಳು. ಆಮೇಲೆ ಮುಷ್ಟಿ ಬಿಚ್ಚಿದಳು. ರೊಟ್ಟಿಯ ಚೂರು ಕೆಸರಿನ ಮೇಲೆ ಬಿತ್ತು. ಎರಡೂ ಕೈ ನನ್ನ ಕೈಗೆ ಬಂದವು.

ಎಷ್ಟು ಹೊತ್ತು ಎಳೆದೆವೋ ತಿಳಿಯದು. ಒಂದು ಕಾಲು ಸಡಿಲವಾದಾಗ ಕೆಸರು ಮಾಡಿದ ಸದ್ದು ಇವತ್ತಿಗೂ ನಿದ್ದೆಯಲ್ಲಿ ಕೇಳಿಸುತ್ತದೆ. ಆಕೆಯ ಮೈ ಕೌದಿಯ ಮೇಲೆ ಬಿದ್ದದ್ದೇ, ದಂಡೆಯ ಮೇಲಿನ ಹೆಣ್ಣುಮಕ್ಕಳು ನಮ್ಮಿಬ್ಬರನ್ನೂ ಜೋಳದ ಕಣಕಿಯ ಹೊರೆಯಂತೆ ಎಳೆದುಕೊಂಡರು. ಚಪ್ಪಲಿ ಅಲ್ಲೇ ಉಳಿದವು, ಎರಡು ಕೌದಿಯೂ ಅಲ್ಲೇ ಉಳಿದವು. ದೋಣಿ ಬಂದಾಗ ನಾವು ಟೆಂಪೊದಲ್ಲಿ ಕುಳಿತು ನಡುಗುತ್ತಿದ್ದೆವು.

ಬಾಗೇವಾಡಿಯ ದೀಪಗಳು ಕಂಡವು. ಅತ್ತೆ ಹೊರಗೆ ನೋಡುತ್ತಲೇ ಅಂದಳು: "ಅದು ನಮ್ಮ ಹೊಲ ಅಲ್ಲ. ಬ್ಯಾರೇದವ್ರದು."

"ಗೊತ್ತಿತ್ತೇನ್ರಿ ನಿಮಗ?"

"ನನ್ನ ಹೊಲ ನನಗ ಗೊತ್ತಿರಾಂಗಿಲ್ಲೇನ? ನಿನ್ನ ಮಾರಿ ನೋಡಿದೆ. ಅಂಜಿ ಸಾಯಾಕತ್ತಿದ್ದಿ. ಅದಕ್ಕ ಚೆಲ್ಲಿದೆ."

ನಾನು ಜಗಳಕ್ಕೆ ಹೋಗಲಿಲ್ಲ. ಕೆಸರಿನಲ್ಲಿ ಹಿಡಿದ ನನ್ನ ಕೈಯನ್ನು ಆಕೆ ಇನ್ನೂ ಬಿಟ್ಟಿರಲಿಲ್ಲ.

ಆ ಮೇಲೆ ಎಳ್ಳಮವಾಸ್ಯೆ ಬಂತು. ಗೊಳಸಂಗಿಯ ಹೊಲಕ್ಕೆ ಎಲ್ಲರೂ ಹೋದೆವು. ಜೋಳ ಎದೆಯೆತ್ತರ ನಿಂತಿತ್ತು, ಸಾಲುಗಳ ನಡುವೆ ಎರೆ ಎಂದಿನಂತೆ ಬಿರಿದಿತ್ತು. ಪ್ರತಿವರ್ಷ ಚರಗದ ಬುಟ್ಟಿ ಹೊತ್ತು ಮುಂದೆ ನಡೆಯುತ್ತಿದ್ದವಳು ಅತ್ತೆ. ಈ ಸಲ ಬದುವಿನ ಮೇಲೇ ನಿಂತಳು. "ಸೊಂಟ ನೋಯ್ತೈತಿ, ನೀ ಚೆಲ್ಲು," ಎಂದು ಬುಟ್ಟಿಯನ್ನು ನನ್ನ ಕೈಗೆ ಕೊಟ್ಟಳು. ಬೆಳಿಗ್ಗೆ ಇಡೀ ಕಡುಬಿನ ಪಾತ್ರೆ ಎತ್ತಿದವಳಿಗೆ ಸೊಂಟ ನೋವಿಲ್ಲ ಎಂದು ನನಗೆ ಗೊತ್ತಿತ್ತು.

ನಾನು ಇಳಿದೆ. ಅದು ಗಟ್ಟಿ ನೆಲ, ವರ್ಷಗಟ್ಟಲೆ ತುಳಿದ ನೆಲ. ಆದರೂ ಪ್ರತಿ ಬಿರುಕಿನ ಹತ್ತಿರ ಕಾಲಿನ ತುದಿಯಿಂದ ಒತ್ತಿ ನೋಡಿ, ಆಮೇಲೆ ಹೆಜ್ಜೆ ಇಟ್ಟೆ. ಹೊಲದ ಆಚೆಯ ಮೂಲೆ ಇನ್ನೂ ದೂರವಿತ್ತು.

ಬೆನ್ನ ಹಿಂದಿನಿಂದ ಅತ್ತೆ ಕೂಗಿದಳು.

"ಸಾಕು ಬಾ! ಅಲ್ಲೇ ಚೆಲ್ಲು, ಮುಂದ ಹೋಗಬ್ಯಾಡ. ಅದೂ ನಮ್ಮ ಹೊಲಾನ."

ತಿರುಗಿ ನೋಡಿದೆ. ತನ್ನ ಮಗನ ತೋಳನ್ನು ಎರಡೂ ಕೈಯಿಂದ ಹಿಡಿದುಕೊಂಡು ನಿಂತಿದ್ದಳು. ನಾನು ನಿಂತಲ್ಲೇ ತುತ್ತು ಚೆಲ್ಲಿದೆ.