ಕಾಣದ ಭುಜ

ನನಗೆ ಎಲೆಅಡಿಕೆಯ ಅಭ್ಯಾಸ ಅಂಟಿದ್ದು ಮದುವೆಮನೆಯಲ್ಲಲ್ಲ, ಗಾವಡಗೆರೆಯ ಕುಸ್ತಿ ಅಖಾಡದಲ್ಲಿ. ಹೇಳಿದರೆ ನಗುತ್ತೀರಿ. ಊರಿಗೆ ಲೆಕ್ಕದ ಮೇಷ್ಟರಾಗಿ ಬಂದವನು, ಒಂದು ಪಟ್ಟನ್ನೂ ಅರಿಯದವನು, ಅಲ್ಲಿ ತೀರ್ಪುಗಾರನಾಗಿದ್ದೆ. ಓದಿದವನು ಸುಳ್ಳು ಹೇಳುವುದಿಲ್ಲವೆಂದು ಆ ಕಾಲದ ಜನ ನಂಬಿದ್ದರು, ಪಾಪ.

ಅಖಾಡದ ಆಚೆ ಬದಿಗೆ ಇನ್ನೊಬ್ಬ ತೀರ್ಪುಗಾರರು, ಗರಡಿಯ ಹಿರಿಯ ಜವರೇಗೌಡರು. ಇಬ್ಬರೂ ಕೈಯೆತ್ತಿದರೆ ಮಾತ್ರ ಕುಸ್ತಿ ಮುಗಿದಂತೆ. ಆವತ್ತು ಗೆದ್ದವನಿಗೆ ಮೈಸೂರಿನ ದಸರೆಯಲ್ಲಿ ಮಹಾರಾಜರ ಸಮ್ಮುಖದಲ್ಲಿ ಸೆಣಸುವ ಭಾಗ್ಯ. ಹಂಪಾಪುರದ ಕೆಂಚ ಎರಡು ವರ್ಷದಿಂದ ಅದಕ್ಕಾಗಿಯೇ ಮೈ ಹುರಿಗೊಳಿಸಿದ್ದ. ಸರಗೂರಿನ ಬೋರ ಅವನನ್ನು ಅಂಗಾತ ಕೆಡವಿ ಮೇಲೆ ಬಿದ್ದ. ಎರಡೂ ಭುಜ ನೆಲಕ್ಕೆ ತಾಗಿದರೆ ಸೋಲು. ನಾನು ‘ಚಿತ್!’ ಎಂದು ಕೂಗಿ ಕೈಯೆತ್ತಿಬಿಟ್ಟೆ. ಗೌಡರ ಕೈ ಏಳಲಿಲ್ಲ.

ಜನ ಎದ್ದು ನಿಂತರು. ನನಗೆ ರೇಗಿತು. ವಾದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಗೌಡರು ಹತ್ತಿರ ಬಂದು ಸಂಚಿ ಬಿಚ್ಚಿ, ಎಲೆಗೆ ಸುಣ್ಣ ಸವರಿ, "ಹಾಕ್ಕಳಿ ಮೇಷ್ಟ್ರೇ" ಎಂದರು. ತಾವೂ ಹಾಕಿಕೊಂಡರು. ಅಲ್ಲಿಯ ರೂಢಿ ಅದು: ತೀರ್ಪುಗಾರರಲ್ಲಿ ಭೇದ ಬಂದರೆ ಎಲೆ ಅಗಿದು ಮುಗಿಯುವವರೆಗೆ ಇಬ್ಬರೂ ಮಾತಾಡಕೂಡದು. ಬಾಯಿ ತುಂಬ ರಸವಿದ್ದಾಗ ಎಂಥ ಕೋಪಿಷ್ಠನೂ ಕೂಗಲಾರ. ಈ ಉಪಾಯ ಯಾವ ಧರ್ಮಶಾಸ್ತ್ರದಲ್ಲೂ ಇದ್ದಂತಿಲ್ಲ.

ಉಗುಳಿ ಬಂದ ಮೇಲೆ ಗೌಡರು ಮೆಲ್ಲಗೆ ಹೇಳಿದರು: "ಕಂಡುದ್ದ ಆಮೇಲೆ ಹೇಳನ. ಮೊದ್ಲು ಕಾಣ್ದೇ ಇದ್ದುದ್ದ ಹೇಳನ. ನನ್ಗೆ ಕೆಂಚನ ಬಲಭುಜ ಕಾಣ್ನಿಲ್ಲ ಕಣ್ರೀ. ಊರಿತ್ತಾ?"

"ಊರಿತ್ತು," ಎಂದೆ ಗತ್ತಿನಿಂದ.

"ಸರಿ ಬುಡಿ. ನಿಮ್ಗೆ ಯಾವ್ದು ಕಾಣ್ನಿಲ್ಲ?"

ಎಡಭುಜ! ನನ್ನ ಬದಿಗೆ ಅದನ್ನು ಬೋರನ ಬೆನ್ನು ಮುಚ್ಚಿತ್ತು. ಒಂದು ಭುಜ ಕಂಡು ಎರಡೆಂದು ಎಣಿಸಿದ್ದೆ ನಾನು, ಲೆಕ್ಕದ ಮೇಷ್ಟರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಹುಡುಗರಿಂದ ಕಾಪಿ ಬರೆಸುತ್ತಿದ್ದವನೂ ನಾನೇ. ಎಡಭುಜ ನೆಲದಿಂದ ನಾಲ್ಕು ಬೆರಳು ಮೇಲಿದ್ದುದನ್ನು ಗೌಡರು ಕಂಡಿದ್ದರು.

ಅವರು ಜನರತ್ತ ತಿರುಗಿದಾಗ ನನ್ನ ಮಾನ ಹೋಯಿತೆಂದುಕೊಂಡೆ. "ನಾವಿಬ್ರೂವೆ ನೋಡಿದೀವಿ. ಎಡಭುಜ ಊರಿಲ್ಲ. ನಡೀಲಿ ಕುಸ್ತಿ!" ಎಂದರು.

ನಾವಿಬ್ಬರೂ ಅಂದರು, ಕೇಳಿದಿರಾ? ಆ ಒಂದು ಮಾತಿನ ಋಣ ನಾನು ಇನ್ನೂ ಹೊತ್ತಿದ್ದೇನೆ, ಸಂತೋಷದಿಂದ ಹೊತ್ತಿದ್ದೇನೆ.

ಸ್ವಲ್ಪ ಹೊತ್ತಿಗೆ ಕೆಂಚ ಮತ್ತೆ ಬಿದ್ದ. ಈ ಸಲ ನಮ್ಮಿಬ್ಬರ ಕೈಗಳೂ ಎದ್ದವು. ಮೈಸೂರಿಗೆ ಹೋದವನು ಬೋರನೇ. ಕೆಂಚ ಮಣ್ಣು ಕೊಡವಿಕೊಳ್ಳುತ್ತ ನನ್ನ ಬಳಿ ಬಂದ. "ಈಗ ಸೋತೆ ಕಣ್ ಸಾಮಿ. ಆಗ್ಲೇ ಸೋತೆ ಅಂತ ಕಳ್ಸಿದ್ರೆ ಸಾಯೋಗಂಟ ನಿಮ್ಮ ಬಯ್ಕಂಡಿರ್ತಿದ್ದೆ," ಎಂದು ಕೈ ಮುಗಿದ. ನನ್ನ ಕಣ್ಣು ತುಂಬಿ ಬಂತು.

ಈಗ ಮನೆಯಲ್ಲಿ ಮಾತಿಗೆ ಮಾತು ಬೆಳೆದರೆ ನಾನು ಸಂಚಿ ಹುಡುಕುತ್ತೇನೆ. ಗಂಡ ಚಟಕ್ಕೆ ಬಿದ್ದನೆಂದು ನನ್ನಾಕೆಯ ಕೊರಗು. ಅದು ಜಗಳಕ್ಕೆ ಹಾಕುವ ತಡೆ; ಅವಳಿಗೆ ಕಾಣದ್ದು ಇದೊಂದೇ. ನನಗೆ ಕಾಣದ್ದು ಎಷ್ಟಿದೆಯೋ. ಅದಕ್ಕೇ ಮೊದಲ ಎಲೆ ಮಡಿಸಿ ಅವಳಿಗೇ ಕೊಡುತ್ತೇನೆ.