ನೀರುನಾಯಿ ಹುಡುಕಿ ಹೊರಟ ರೇಡಿಯೋ

ಬಸ್‌ನಿಲ್ದಾಣದ ಹಿಂದಿನ ಓಣಿಯಲ್ಲಿ ಎರಡು ಕುರ್ಚಿಯ ಕಟಿಂಗ್ ಶಾಪ್ ಇಟ್ಟುಕೊಂಡಿದ್ದವನನ್ನು ಊರವರೆಲ್ಲ ರೇಡಿಯೋ ಅಂತಲೇ ಕರೆಯುತ್ತಿದ್ದರು. ಗಿರಾಕಿಯ ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿದಾಗ ಶುರುವಾದ ಮಾತು, ಪೌಡರ್ ಬಳಿದು ಬ್ರಷ್ಷಿನಿಂದ ಕೂದಲು ಕೊಡವಿ ಕಳಿಸುವವರೆಗೂ ನಿಲ್ಲುತ್ತಿರಲಿಲ್ಲ. ಕತ್ತರಿ ಬೇಕಾದರೆ ನಿಂತೀತು, ಅವನ ಬಾಯಿ ನಿಲ್ಲದು ಅಂತ ಎದುರಿನ ಸೈಕಲ್ ರಿಪೇರಿಯವನು ಹೇಳುತ್ತಿದ್ದದ್ದು ಸುಳ್ಳೇನಲ್ಲ.

ಇಂಥವನ ಮನೆಗೆ ಬಂದು ಸೇರಿದವರು ಅವನ ಮಾವ, ಹೆಂಡತಿಯ ಅಪ್ಪ. ಊರಿಗೆ ನೀರೆತ್ತುವ ಪಂಪ್‌ಹೌಸಿನಲ್ಲಿ ದುಡಿದು ನಿವೃತ್ತರಾದವರು. ಮೋಟಾರಿನ ಸದ್ದಿನಲ್ಲಿ ಯಾರಿಗೆ ಏನು ಕೇಳಿಸೀತು ಅಂತ ಪ್ರಾಯದಲ್ಲೇ ಮಾತು ಕಡಿಮೆ ಮಾಡಿದ್ದರು. ಹೆಂಡತಿ ತೀರಿಕೊಂಡ ಮೇಲೆ ಇದ್ದಷ್ಟೂ ಹೋಯಿತು. ಹೂಂ, ಉಹೂಂ, ಸಾಕು, ಇಷ್ಟರಲ್ಲೇ ಅವರ ದಿನ ಮುಗಿಯುತ್ತಿತ್ತು. ಇಬ್ಬರೂ ಎದುರುಬದುರು ಊಟಕ್ಕೆ ಕೂತರೆ ಅಳಿಯನದು ಜೋಗುಳಕ್ಕೂ ಜಗ್ಗದ ಗಲಾಟೆ, ಮಾವನದು ಆಳದ ಬಾವಿಯ ಮೌನ.

ದಿನಾ ನಸುಕಿನಲ್ಲಿ ಮಾವ ಸೈಕಲ್ ಹತ್ತಿ ಎಲ್ಲಿಗೋ ಹೋಗಿ, ಚಪ್ಪಲಿ ತುಂಬ ಕೆಸರು ಮಾಡಿಕೊಂಡು ಬರುತ್ತಿದ್ದರು. ಕೇಳಿದರೆ ಚಪ್ಪಲಿ ತೊಳೆಯಲು ಹಿತ್ತಲಿಗೆ ನಡೆದುಬಿಡುತ್ತಿದ್ದರು. ಕಾಲು ಮೊದಲಿನಂತಿಲ್ಲ, ಎಲ್ಲಾದರೂ ಜಾರಿ ಬಿದ್ದರೆ ಗತಿಯೇನು ಅಂತ ಮಗಳಿಗೆ ಪುಕುಪುಕು. ಅಂಗಡಿಯ ರಜೆಯ ದಿನ ಅವಳು ಗಂಡನನ್ನು ಹಾಸಿಗೆಯಿಂದ ಎಬ್ಬಿಸಿ ಅಪ್ಪನ ಹಿಂದೆ ಅಟ್ಟಿದಳು. ಮಾವ ಬೇಡ ಅನ್ನಲಿಲ್ಲ, ಬನ್ನಿ ಅಂತಲೂ ಅನ್ನಲಿಲ್ಲ.

ಊರು ದಾಟಿ, ಹೊಲಗಳ ನಡುವಿನ ಕಾಲುದಾರಿ ಹಿಡಿದು, ಹೊಳೆ ತಿರುವು ತೆಗೆದುಕೊಳ್ಳುವ ಕಡೆ ಸೈಕಲ್ ನಿಲ್ಲಿಸಿದರು. ದಾರಿಯುದ್ದಕ್ಕೂ ರೇಡಿಯೋ ಒದರುತ್ತಲೇ ಇದ್ದ. ಮಾವ ನೀರಂಚಿನ ಚಪ್ಪಟೆ ಬಂಡೆಯೊಂದರ ಬಳಿ ಬಗ್ಗಿ, ಅಲ್ಲಿದ್ದ ಕಪ್ಪು ಹಿಕ್ಕೆಯನ್ನು ಕಡ್ಡಿಯಿಂದ ಬಿಡಿಸಿದರು. ಒಳಗೆ ಮೀನಿನ ಹುರುಪೆ, ಸಣ್ಣ ಮುಳ್ಳು, ಏಡಿಯ ಚಿಪ್ಪಿನ ಚೂರು. ರೇಡಿಯೋ ಮೂಗು ಮುಚ್ಚಿಕೊಂಡ. ಮೂಸಿ ನೋಡಿ ಅಂತ ಮಾವ ಸನ್ನೆ ಮಾಡಿದರು. ಹಳಸಿದ ಮೀನಿನ ವಾಸನೆ.

"ನೀರುನಾಯಿ," ಅಂದರು ಮಾವ.

ಆಮೇಲೆ ಒದ್ದೆ ಮರಳಿನ ಮೇಲಿನ ಹೆಜ್ಜೆ ತೋರಿಸಿದರು. ಐದು ಬೆರಳು, ನಡುವೆ ಬಾತುಕೋಳಿಗಿರುವಂಥ ಚರ್ಮದ ಮಬ್ಬು ಗುರುತು, ಹಿಂದೆ ಬಾಲ ಎಳೆದ ಗೀರು. ನಾಯಿಯ ಹೆಜ್ಜೆಯಲ್ಲಿ ನಾಲ್ಕೇ ಬೆರಳು ಮೂಡುತ್ತವಂತೆ. ಬರೀ ಗುರುತು ನೋಡಿಯೇ ರೇಡಿಯೋ ಒದ್ದೆ ಮರಳಿನಲ್ಲಿ ಮೊಣಕಾಲೂರಿ ಕೂತುಬಿಟ್ಟ. ಇಷ್ಟು ಹತ್ತಿರ, ದಿನಾ ತಾನು ಕುಡಿಯುವ ನೀರಿನಲ್ಲೇ ಇಂಥದೊಂದು ಪ್ರಾಣಿ ಮೀನು ಹಿಡಿದುಕೊಂಡು ಸಂಸಾರ ಮಾಡುತ್ತಿದೆ ಅಂದರೆ? ಅವನು ಆ ಖುಷಿಯಲ್ಲೇ ಇನ್ನಷ್ಟು ಮಾತಾಡಿದ. ಬಿಸಿಲೇರುವವರೆಗೆ ಕಾದರೂ ಒಂದು ಕಪ್ಪೆಯೂ ತಲೆ ಎತ್ತಲಿಲ್ಲ.

ವಾಪಸು ಬರುವಾಗ ಮಾವ ವರ್ಷಕ್ಕಾಗುವಷ್ಟು ಮಾತು ಒಟ್ಟಿಗೇ ಆಡಿದರು. "ಅಳಿಯಂದ್ರೇ, ನಿಮ್ಮ ಬಾಯಿ ಒಂದು, ನಿಮ್ಮ ಪೌಡರ್ ವಾಸನೆ ಇನ್ನೊಂದು. ಎರಡನ್ನೂ ಮನೇಲಿ ಬಿಟ್ಟು ಬರೋ ಹಾಗಿದ್ರೆ ಬನ್ನಿ."

ರೇಡಿಯೋಗೆ ಹುಚ್ಚು ಹಿಡಿಯಿತು. ಹೊಳೆಗೆ ಹೋಗುವ ಹಿಂದಿನ ಸಂಜೆ ಸೋಪಿಲ್ಲದೆ ಸ್ನಾನ ಮಾಡಿದ, ಮಣ್ಣಿನ ಬಣ್ಣದ ಹಳೇ ಅಂಗಿ ಹುಡುಕಿ ತೆಗೆದ. ಅಂಗಡಿಯಲ್ಲಿ ಸುಮ್ಮನಿರುವುದನ್ನು ಅಭ್ಯಾಸ ಮಾಡತೊಡಗಿದಾಗ ಗಿರಾಕಿಗಳಿಗೆ ಗಾಬರಿಯಾಗಿ, ಮನೆಯಲ್ಲಿ ಎಲ್ಲ ಆರಾಮಾಗಿದ್ದಾರಾ ಅಂತ ಕೇಳಿದರು. ಹೊಳೆಯ ಗುಂಗಿನಲ್ಲಿ ಒಬ್ಬ ಮೇಷ್ಟ್ರ ಅರ್ಧ ಮೀಸೆ ಹಾರಿಸಿ, ಕೊನೆಗೆ ಉಳಿದರ್ಧವನ್ನೂ ತೆಗೆಯಬೇಕಾಯಿತು.

ಕಲಿಯುವುದೂ ಬಹಳವಿತ್ತು. ಒಣ ಹುಲ್ಲು ತೂರಿ ಗಾಳಿ ಎತ್ತ ಬೀಸುತ್ತಿದೆ ಅಂತ ನೋಡಿ, ಅದಕ್ಕೆ ಎದುರಾಗಿ ಕೂರಬೇಕು. ನೆರಳು ನೀರಿನ ಮೇಲೆ ಬೀಳಬಾರದು. ಪ್ರಾಣಿಯನ್ನೇ ಹುಡುಕಬಾರದು, ನೀರನ್ನು ನೋಡುತ್ತಿರಬೇಕು. ಹರಿವಿಗೆ ಎದುರಾಗಿ ಬಾಣದ ತುದಿಯಂಥ ಅಲೆ ಬಂದರೆ, ಗುಳ್ಳೆಗಳು ಸಾಲಾಗಿ ಎದ್ದರೆ, ಮೀನು ಒಮ್ಮೆಲೇ ಚದುರಿ ಹಾರಿದರೆ ಅಲ್ಲಿ ಕಣ್ಣಿಡಬೇಕು. ರೇಡಿಯೋ ತೇಲುವ ದಿಮ್ಮಿಯನ್ನು ನೀರುನಾಯಿ ಅಂದ. ಕುತ್ತಿಗೆ ಎತ್ತಿದ ನೀರುಕಾಗೆಯನ್ನೂ ಅಂದ. ಮಾವ ಪ್ರತಿ ಸಲ ಉಹೂಂ ಅಂದರು. ಅಷ್ಟು ಬೇಗ ಯಾಕೆ ಬೇಜಾರು, ಎಷ್ಟೋ ಸಲ ನನಗೂ ಬರೀ ಹಿಕ್ಕೆಯೇ ಸಿಕ್ಕಿದೆ ಅಂತ ಒಮ್ಮೆ ಸಮಾಧಾನ ಹೇಳಿದರು.

ಕೊನೆಗೊಂದು ಬೆಳಗ್ಗೆ, ಮಂಜು ಇನ್ನೂ ನೀರು ಬಿಟ್ಟು ಏಳದೆ ಇದ್ದಾಗ, ಆಚೆ ದಡದಲ್ಲಿ ಸಣ್ಣ ಸಿಳ್ಳೆ ಕೇಳಿಸಿತು. ಹಕ್ಕಿ ಅಂದುಕೊಂಡ ರೇಡಿಯೋನ ಮಣಿಕಟ್ಟನ್ನು ಮಾವ ಗಟ್ಟಿಯಾಗಿ ಹಿಡಿದರು. ಗುಳ್ಳೆಗಳ ಸಾಲು ಅವರತ್ತಲೇ ಬಂತು. ಚಪ್ಪಟೆ ತಲೆಯೊಂದು ಎದ್ದಿತು, ಮೀಸೆಯಿಂದ ನೀರು ಸುರಿಯುತ್ತಿತ್ತು, ಬಾಯಲ್ಲಿ ಮೀನು ಪಟಪಟ ಹೊಡೆದುಕೊಳ್ಳುತ್ತಿತ್ತು. ಅದು ಬಂಡೆ ಹತ್ತಿ, ಮುಂಗಾಲಲ್ಲಿ ಮೀನು ಹಿಡಿದು ತಲೆಯ ಕಡೆಯಿಂದ ಕಚಕಚ ಅಗಿಯಿತು. ಆ ಸದ್ದು ಕೂಡ ಕೇಳಿಸುತ್ತಿತ್ತು. ಅದರ ಹಿಂದೆಯೇ ಜೊಂಡು ಸೀಳಿಕೊಂಡು ಮರಿಗಳು ಬಂದವು, ಒಂದರ ಮೇಲೊಂದು ಬೀಳುತ್ತ, ಉರುಳುತ್ತ, ಮೀನಿನ ಬಾಲಕ್ಕೆ ಜಗಳಾಡುತ್ತ.

ಅದೇ ಹೊತ್ತಿಗೆ ರೇಡಿಯೋಗೆ ಸೀನು ಬಂತು. ಮೂಗನ್ನು ಮೊಣಕಾಲಿಗೆ ಒತ್ತಿ, ಉಸಿರು ಬಿಗಿಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು ಹೇಗೋ ನುಂಗಿದ. ತಲೆ ಎತ್ತಿದರೆ ತಾಯಿ ಮರಿಗಳನ್ನು ನೀರಿಗಿಳಿಸುತ್ತಿತ್ತು. ಉಳಿದವು ಇಳಿದವು, ಒಂದು ಮಾತ್ರ ಅಂಚಿನಲ್ಲಿ ಕಾಲೂರಿ ಕೀಚಲು ದನಿಯಲ್ಲಿ ಅತ್ತು ಹಿಂದಕ್ಕೆ ಓಡಿತು. ತಾಯಿ ಮೇಲೆ ಬಂದು, ಕತ್ತಿನ ಚರ್ಮ ಕಚ್ಚಿ ಹಿಡಿದು, ದರದರ ಎಳೆದುಕೊಂಡು ಹೋಗಿ ದೊಪ್ಪನೆ ನೀರಿಗೆ ಎತ್ತಿಹಾಕಿತು.

ಮಾವ ನಕ್ಕುಬಿಟ್ಟರು. ಸಣ್ಣ ನಗುವಲ್ಲ, ಹೊಟ್ಟೆ ಹಿಡಿದುಕೊಂಡು, ಹೊಳೆಯ ಆಚೆ ದಡಕ್ಕೆ ಕೇಳಿಸುವಂತೆ. ಕಣ್ಣು ಮಿಟುಕಿಸುವಷ್ಟರಲ್ಲಿ ಬಂಡೆ ಖಾಲಿ. ಅಲೆಗಳ ಉಂಗುರ ಮಾತ್ರ ಉಳಿದವು.

ರೇಡಿಯೋಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವನು ಮಾವನ ಮುಖವನ್ನೇ ನೋಡುತ್ತಿದ್ದ. ಅವರ ಹಲ್ಲಿನ ಸಾಲು ಹೇಗಿದೆ ಅಂತ ಗೊತ್ತಾದದ್ದೇ ಅವತ್ತು.

"ನಿಮ್ಮತ್ತೆ ಥೇಟ್ ಹೀಗೇ," ಅಂದರು ಮಾವ, ಕಣ್ಣೊರೆಸಿಕೊಂಡು. "ಪಂಪ್‌ಹೌಸ್ ಹಿಂದಿನ ಮಡುವಿನಲ್ಲಿ ನಿಮ್ಮ ಹೆಂಡ್ತಿಗೆ ಚಿಕ್ಕೋಳಿದ್ದಾಗ ಈಜು ಕಲಿಸಬೇಕಿತ್ತು. ಇವಳು ಮರ ತಬ್ಬಿಕೊಂಡು ಊರು ಒಂದು ಮಾಡಿದ್ಲು. ಅವಳಮ್ಮ ಜಡೆ ಹಿಡಿದು ಎಳ್ಕೊಂಡು ಹೋಗಿ ಎಸೆದೇ ಬಿಟ್ಲು."

ದಾರಿಯುದ್ದಕ್ಕೂ ಮಾವ ಅತ್ತೆಯ ಸುದ್ದಿ ಹೇಳಿದರು. ರೇಡಿಯೋ ಸೈಕಲ್ ತಳ್ಳುತ್ತ ಹೂಂಗುಟ್ಟಿದ.

ಮನೆ ಮುಟ್ಟುತ್ತಲೇ ಅವನು ಹೆಂಡತಿಗೆ ನೀರುನಾಯಿಯ ವರ್ಣನೆ ಶುರುಮಾಡಿ, ಜಡೆಯ ಕತೆಗೆ ಬಂದಾಗ ಅವಳು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು. "ಅಪ್ಪಾನೇ ಅಮ್ಮನ ಮಾತು ಎತ್ತಿದ್ರಾ?" ಅಂತ ಮೆಲ್ಲಗೆ ಕೇಳಿದಳು. ಅಮ್ಮ ಹೋದ ಮೇಲೆ ಅವರ ಬಾಯಲ್ಲಿ ಆ ಹೆಸರೇ ಬಂದಿರಲಿಲ್ಲ. ಹಿತ್ತಲಲ್ಲಿ ಚಪ್ಪಲಿ ತೊಳೆಯುತ್ತಿದ್ದ ಅಪ್ಪನ ಹತ್ತಿರ ಹೋಗಿ ನಿಂತು, ಮಡು ಅಷ್ಟು ಆಳವಿತ್ತು, ಹೆದರದೆ ಏನು ಮಾಡಲಿ ಅಂತ ಜಗಳವಾಡಿದಳು. ಸೊಂಟದ ಮಟ್ಟಕ್ಕೂ ಇರಲಿಲ್ಲ ಅಂತ ಅಪ್ಪ ವಾದಿಸಿದರು.

ಮುಂದಿನ ರಜೆಗೆ ಅವಳೂ ಹೊರಟಳು, ಕೈಬಳೆ ಬಿಚ್ಚಿಟ್ಟು, ತಲೆಗೆ ಎಣ್ಣೆ ಹಚ್ಚದೆ. ಬಹಳ ಹೊತ್ತು ಕಾದ ಮೇಲೆ ದೂರದ ತಿರುವಿನಲ್ಲಿ ಒಂದು ತಲೆ ಎದ್ದು, ಮೂವರನ್ನೂ ನೋಡಿ ಮುಳುಗಿತು. ಅವಳು ಇಬ್ಬರ ತೋಳನ್ನೂ ಒಟ್ಟಿಗೇ ಹಿಡಿದು ಜಗ್ಗಿದಳು.